ಲೆಕ್ಕ ಕೇಳುವುದನ್ನು ಕಲಿಯೋಣ

ನಾಲ್ವರು ಕೂಡಿದಲ್ಲೆಲ್ಲ ನಮ್ಮ ಊರುಗಳಲ್ಲಿ ಕೇಳಿಬರುವ ತೀರ್ಪೊಂದುಂಟು: “ಎಲ್ಲರೂ ಕಳ್ಳರೇ.” ಬಸ್ಸಿಗೆ ಕಾದು ನಿಂತವರು, ಅಡಿಕೆ ಮಾರಲು ಪೇಟೆಗೆ ಬಂದವರು, ಮದುವೆಯ ಚಪ್ಪರದಲ್ಲಿ ಎರಡನೆಯ ಪಂಕ್ತಿಗೆ ಕುಳಿತವರು, ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುವವರು, ಹೀಗೆ ಎಲ್ಲರ ಬಾಯಲ್ಲಿಯೂ ರಾಜಕಾರಣಿಗಳ ವಿಷಯದಲ್ಲಿ ಇದೇ ಮಾತು. ತೀರ್ಪನ್ನಿತ್ತ ಮೇಲೆ ಬಾಯೊರಸಿಕೊಂಡು ಅವರವರ ದಾರಿಗೆ ಅವರವರು ಹೋಗುತ್ತಾರೆ. ಮುಂದಿನ ಚುನಾವಣೆಯಲ್ಲಿ ಮೊದಲಿನ ಚಿಹ್ನೆಗೇ ಮತ ಬೀಳುತ್ತದೆ. ಮುಂದಿನ ಕೂಟದಲ್ಲಿ ಮೊದಲಿನ ತೀರ್ಪೇ ಮರುಕಳಿಸುತ್ತದೆ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಎರಡೇ ಮಾತು. ಜನರ ಸಿಟ್ಟು ನ್ಯಾಯವಾದುದು ಎಂಬುದು ಮೊದಲನೆಯದು. “ಎಲ್ಲರೂ ಕಳ್ಳರೇ” ಎಂಬ ತೀರ್ಪು ಮಾತ್ರ ನಿಷ್ಪ್ರಯೋಜಕವಾದುದು, ಅಷ್ಟೇ ಅಲ್ಲ, ನಿಜವಾದ ಕಳ್ಳನಿದ್ದರೆ ಅವನಿಗೆ ಅತ್ಯಂತ ಉಪಕಾರಿಯಾದುದು ಎಂಬುದು ಎರಡನೆಯದು.

ಮೊದಲು ಸಿಟ್ಟಿನ ಮಾತು. ೧೯೫೬ನೆಯ ಇಸವಿ ನವೆಂಬರ್ ೧ರಂದು ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ೧೯೬೭ರಲ್ಲಿ ಮಹಾಜನ ಆಯೋಗವು ಬರೆಯಿತು; ಬರೆದುದು ಬರೆದಲ್ಲಿಯೇ ಉಳಿಯಿತು. ೧೯೮೪ರ ಮೇ ೨೪ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆ ಹಳೆಯ ಗಾಯವನ್ನು ಕೆದಕುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಯಾವ ರಾಜ್ಯದಲ್ಲಿಯೇ ಇರಲಿ, ತೆರಿಗೆ ಕೊಡುವ ಪ್ರಜೆಗೆ ಒಂದು ಪ್ರಶ್ನೆ ಕೇಳುವ ಹಕ್ಕುಂಟು: ನಾನಿತ್ತ ಹಣ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಮಲಯಾಳವೆಂದೂ ಕನ್ನಡವೆಂದೂ ಭೇದವಿಲ್ಲ.

ಎಣ್ಮಕಜೆ, ಪಡ್ರೆ, ಬೆಳ್ಳೂರು, ಮುಳಿಯಾರು ಮುಂತಾದ ಗ್ರಾಮಗಳ ಗೇರುತೋಟಗಳ ವಿಷಯವನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅವು ಪರದೇಶದ ಕಂಪೆನಿಯ ತೋಟಗಳಲ್ಲ. ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳು. ಎಪ್ಪತ್ತರ ದಶಕದ ಕೊನೆಯಿಂದ ೨೦೦೦ನೆಯ ಇಸವಿಯ ತನಕ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಲಾಯಿತು. ಅಂಗಾಂಗ ಊನವಾಗಿ ಹುಟ್ಟುತ್ತಿದ್ದ ಕರುಗಳನ್ನು ಕುರಿತು ಶ್ರೀ ಪಡ್ರೆಯವರು ೧೯೭೯ರಷ್ಟು ಹಿಂದೆಯೇ ಬರೆದರು. ಸರಕಾರಕ್ಕೆ ಓದಲು ಪುರುಸೊತ್ತಾಗಲಿಲ್ಲ. ಕರುಗಳ ಸರದಿ ಮುಗಿದು ಮಕ್ಕಳ ಸರದಿ ಬಂದಿತು. ಪ್ರಜೆಗಳ ಹಣದಿಂದ ವಿಷವನ್ನು ಕೊಂಡು ಪ್ರಜೆಗಳ ತಲೆಯ ಮೇಲೆಯೇ ಸುರಿದುದಕ್ಕೆ ಯಾವ ಬಜೆಟ್ಟಿನಲ್ಲಿ ಯಾವ ಹೆಸರಿತ್ತೋ ನಾವರಿಯೆವು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇದಕ್ಕೆ ಸಾಲದು. ಇಲ್ಲಿ ಬೇಲಿಯು ಹೊಲದ ಒಡೆಯನನ್ನೇ ಮೇಯ್ದಿತು.

ಅನಂತರದ ಕತೆಯನ್ನು ಕೇಳಿರಿ. ೨೦೧೦ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪರಿಹಾರ ಕೊಡಬೇಕೆಂದು ಶಿಫಾರಸು ಮಾಡಿತು. ೨೦೧೭ರ ಜನವರಿ ೧೦ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕೆಂದು ಆಜ್ಞಾಪಿಸಿತು. ಐದು ವರ್ಷಗಳು ಕಳೆದ ಮೇಲೆ, ೨೦೨೨ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯವು ಕಂಡುದೇನು? ೩,೭೦೪ ಮಂದಿ ಸಂತ್ರಸ್ತರಲ್ಲಿ ಹಣ ಸಂದುದು ಎಂಟೇ ಮಂದಿಗೆ.

ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಇದನ್ನೊಂದು ಲೆಕ್ಕವಾಗಿ ಕೊಡಬಹುದು. ಐದು ವರ್ಷಗಳಲ್ಲಿ ೮ ಮಂದಿಗೆ ಪರಿಹಾರವಾದರೆ, ಅದೇ ವೇಗದಲ್ಲಿ ೩,೭೦೪ ಮಂದಿಗೆ ಪರಿಹಾರವಾಗಲು ಎಷ್ಟು ವರ್ಷ ಬೇಕು? ಭಾಗಾಕಾರವು ಶೇಷವಿಲ್ಲದೆ ಬಿಡುತ್ತದೆ: ೨,೩೧೫ ವರ್ಷಗಳು. ಅಷ್ಟು ವರ್ಷ ಹಿಂದಕ್ಕೆ ನಡೆದರೆ ನಾವು ಮೌರ್ಯರ ಕಾಲವನ್ನು ಮುಟ್ಟುತ್ತೇವೆ. ಹಾಸಿಗೆ ಹಿಡಿದ ಮಗನ ಪಕ್ಕದಲ್ಲಿ ಕುಳಿತ ತಾಯಿಗೆ ಸರಕಾರವು ತೋರಿಸಿದ ವೇಗವಿದು.

ಹಣವಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ನ್ಯಾಯಾಲಯ ನಿಂದನೆಯ ದೂರು ಎದುರಿಗೆ ನಿಂತ ಮೇಲೆ ೨೦೨೨ರಲ್ಲಿ ೨೦೦ ಕೋಟಿ ರೂಪಾಯಿಗಳನ್ನು ಇದಕ್ಕಾಗಿ ಮಂಜೂರು ಮಾಡಿದರು. ೩,೭೦೪ ಮಂದಿಗೆ ತಲಾ ೫ ಲಕ್ಷವೆಂದರೆ ೧೮೫ ಕೋಟಿ ೨೦ ಲಕ್ಷ. ಭಯವೊಂದು ಬಂದೊಡನೆ ಬೊಕ್ಕಸದ ಬಾಗಿಲು ತೆರೆಯಿತೆಂದರೆ, ಅಷ್ಟು ಕಾಲ ಇಲ್ಲದಿದ್ದುದು ಹಣವಲ್ಲ, ಮನಸ್ಸು ಎಂದೇ ತಿಳಿಯಬೇಕಷ್ಟೆ.

ಇನ್ನು ಆಸ್ಪತ್ರೆಯ ವಿಚಾರ. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ೨೦೧೩ರ ನವೆಂಬರ್ ೩೦ರಂದು ಅಂದಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿಯವರು ಶಿಲಾನ್ಯಾಸ ಮಾಡಿದರು. ಸರಕಾರ ಬದಲಾಯಿತು. ೨೦೧೮ರಲ್ಲಿ ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ನರು ಅದೇ ಕಾಲೇಜಿನ ಆಸ್ಪತ್ರೆ ಕಟ್ಟಡಕ್ಕೆ ಇನ್ನೊಂದು ಶಿಲಾನ್ಯಾಸ ಮಾಡಿದರು. ಹೀಗೆ ಎರಡು ಪಕ್ಷಗಳ ಕಲ್ಲುಗಳೂ ಬಿದ್ದುವು. ರೋಗಿ ಮಾತ್ರ ಮಂಗಳೂರಿನ ಬಸ್ಸಿನಲ್ಲಿಯೇ ಉಳಿದನು. ೨೦೨೨ರ ಜನವರಿಯಲ್ಲಿ ಹೊರರೋಗಿ ವಿಭಾಗ ತೆರೆಯಿತು. ೨೦೨೫ರಲ್ಲಿ ೫೦ ಮಂದಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ದೊರೆಯಿತು. ಅದು ಸಂತೋಷದ ಸಂಗತಿ, ಸಂತೋಷವನ್ನು ಮುಚ್ಚಿಡುವುದು ನಮಗೆ ತರವಲ್ಲ. ಆದರೆ ಆಸ್ಪತ್ರೆಯ ಕಟ್ಟಡ ಅಂದಿಗೂ ಪೂರ್ತಿಗೊಂಡಿರಲಿಲ್ಲ. ೨೦೧೩ರಲ್ಲಿ ಮೊದಲನೆಯ ತರಗತಿಗೆ ಸೇರಿದ ಮಗು ೨೦೨೫ರ ವೇಳೆಗೆ ಹನ್ನೆರಡನೆಯ ತರಗತಿಯನ್ನು ಮುಗಿಸಿರುತ್ತದೆ. ಮಗು ನಡೆದಷ್ಟು ದೂರ ಸರಕಾರ ನಡೆಯಲಿಲ್ಲವೆಂದ ಹಾಗಾಯಿತು.

ಈ ಆಲಸ್ಯದ ಬೆಲೆಯೇನೆಂಬುದು ೨೦೨೦ರ ಮಾರ್ಚಿನಲ್ಲಿ ಗೊತ್ತಾಯಿತು. ಕೋವಿಡ್ ಮಹಾಮಾರಿಯ ಭಯದಿಂದ ಕರ್ನಾಟಕ ಸರಕಾರವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನು ತಡೆಯಿತು. ತಲಪಾಡಿಯಾಚೆ ಸ್ವಲ್ಪವೇ ದೂರದಲ್ಲಿ ಮಂಗಳೂರಿನ ದೊಡ್ಡ ದೊಡ್ಡ ಆಸ್ಪತ್ರೆಗಳಿದ್ದುವು. ಅವುಗಳನ್ನು ತಲುಪಲಾರದೆ ನಮ್ಮ ಜಿಲ್ಲೆಯ ಹಲವರು ಅಸುನೀಗಿದರು. ತಡೆಯನ್ನು ತೆರವು ಮಾಡಿಸಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ ೧ರಂದು ಕೇಂದ್ರ ಸರಕಾರಕ್ಕೆ ಆದೇಶವೀಯಬೇಕಾಯಿತು. ಪ್ರತಿವರ್ಷ ನವೆಂಬರ್ ೧ರಂದು ಕಾಸರಗೋಡಿಗಾಗಿ ಕಣ್ಣೀರು ಸುರಿಸುವ ಆಚೆಯ ನಾಯಕರು ಅಂದು ನಮ್ಮ ದಾರಿಗೆ ಸುರಿಸಿದುದು ಮಣ್ಣನ್ನು. ಆರು ದಶಕಗಳಿಂದ ನಮ್ಮನ್ನು ತಮ್ಮವರೆನ್ನುತ್ತ ಬಂದ ಈಚೆಯ ನಾಯಕರು ನಮಗಾಗಿ ಒಂದು ಪೂರ್ಣ ಆಸ್ಪತ್ರೆಯನ್ನು ಕಟ್ಟಿರಲಿಲ್ಲ. ಆಚೆಯ ದಡ, ಈಚೆಯ ದಡ ಎರಡನ್ನೂ ನಂಬಿ ಹೊಳೆಯ ನಡುವೆ ನಿಂತವನ ಪಾಡು ನಮ್ಮದಾಯಿತು.

ಅದೇ ವರ್ಷ ಟಾಟಾ ಸಂಸ್ಥೆಯವರು ಸುಮಾರು ೬೦ ಕೋಟಿ ರೂಪಾಯಿ ವೆಚ್ಚ ಮಾಡಿ ತೆಕ್ಕಿಲಿನಲ್ಲಿ ಸಿದ್ಧ ಕೊಠಡಿಗಳ ಒಂದು ಆಸ್ಪತ್ರೆಯನ್ನು ಕಟ್ಟಿ ಸೆಪ್ಟೆಂಬರಿನಲ್ಲಿ ಸರಕಾರಕ್ಕೊಪ್ಪಿಸಿದರು. ಮಹಾಮಾರಿ ಇಳಿಯಿತು, ರೋಗಿಗಳು ಹೋದರು, ವೈದ್ಯರೂ ಹೋದರು. ಕೆಲವೇ ವರ್ಷಗಳಲ್ಲಿ ಅದು ಹಾಳುಬಿದ್ದು ಬಿಚ್ಚಿ ತೆಗೆಯುವ ಸ್ಥಿತಿಗೆ ಬಂದಿತು. ಪುಕ್ಕಟೆಯಾಗಿ ಬಂದ ಮನೆಯನ್ನು ಕಾಯ್ದುಕೊಳ್ಳಲಾರದ ಯಜಮಾನನು ಹೊಸ ಮನೆಯ ನಕ್ಷೆಯನ್ನು ತೋರಿಸುವಾಗ ಮನೆಯವರು ಹೇಗೆ ನಂಬಬೇಕು?

ನಕ್ಷೆಗಳಿಗೇನೂ ಬರಗಾಲವಿಲ್ಲ. ಕಾಸರಗೋಡು ಹಿಂದುಳಿದಿದೆಯೆಂಬುದನ್ನು ಒಪ್ಪಿ ಸರಕಾರವೇ ಮಾಜಿ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗವನ್ನು ನೇಮಿಸಿತು. ಜಿಲ್ಲೆಯ ಏಳಿಗೆಗೆ ೧೧,೧೨೩ ಕೋಟಿ ರೂಪಾಯಿಗಳು ಬೇಕೆಂದು ಆಯೋಗವು ೨೦೧೨ರಲ್ಲಿ ವರದಿ ಮಾಡಿತು. ಅದರಂತೆ ‘ಕಾಸರಗೋಡು ಅಭಿವೃದ್ಧಿ ಪ್ಯಾಕೇಜು’ ಎಂಬುದು ೨೦೧೩ರಲ್ಲಿ ಹುಟ್ಟಿತು. ೨೦೨೩-೨೪ರ ರಾಜ್ಯ ಬಜೆಟ್ಟಿನಲ್ಲಿ ಆ ಪ್ಯಾಕೇಜಿಗೆ ಇಟ್ಟ ಹಣ ೭೫ ಕೋಟಿ. ಮಕ್ಕಳೇ, ಮತ್ತೊಂದು ಭಾಗಾಕಾರ: ವರ್ಷಕ್ಕೆ ೭೫ ಕೋಟಿಯಂತೆ ೧೧,೧೨೩ ಕೋಟಿ ತುಂಬಲು ೧೪೮ ವರ್ಷಗಳು ಬೇಕು. ಬೇರೆ ಇಲಾಖೆಗಳಿಂದಲೂ ಕೇಂದ್ರದಿಂದಲೂ ಹಣ ಬರುತ್ತದೆ, ಎಲ್ಲವೂ ಈ ಒಂದು ಬಾಬಿನಿಂದಲೇ ಆಗತಕ್ಕದ್ದಲ್ಲವೆಂದು ಅಧಿಕಾರಿಗಳು ಹೇಳಿಯಾರು. ಆಗಲಿ, ಅರ್ಧವನ್ನು ಬಿಟ್ಟುಬಿಡೋಣ. ಆಗಲೂ ೭೪ ವರ್ಷ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಈ ನಡುವೆ ತಿರುವನಂತಪುರದಿಂದ ಕಾಸರಗೋಡಿಗೆ ನಾಲ್ಕು ಗಂಟೆಯೊಳಗೆ ತಲುಪುವ ವೇಗದ ರೈಲಿನ ಕನಸೊಂದನ್ನು ಬಿತ್ತಿದರು. ದೂರ ಸುಮಾರು ೫೩೦ ಕಿಲೋಮೀಟರು. ಅಂದಾಜು ವೆಚ್ಚ ೬೩,೯೪೧ ಕೋಟಿ. ನೀತಿ ಆಯೋಗದ ಅಂದಾಜು ಅದರ ಎರಡು ಪಟ್ಟಿಗೆ ಸಮೀಪವಾಗಿತ್ತು. ಜಿಲ್ಲೆ ಜಿಲ್ಲೆಗಳಲ್ಲಿ ಹಳದಿ ಕಲ್ಲುಗಳನ್ನು ನೆಟ್ಟರು, ಜನರು ಕಿತ್ತರು, ೨೦೨೨ರ ಮೇ ತಿಂಗಳಲ್ಲಿ ಕಲ್ಲು ನೆಡುವುದನ್ನೇ ನಿಲ್ಲಿಸಿದರು. ಕೇಂದ್ರದ ಒಪ್ಪಿಗೆ ದೊರೆಯದೆ ಕಾಮಗಾರಿ ಮೊದಲಾಗಲಿಲ್ಲ. ರಾಜಧಾನಿಗೆ ನಾಲ್ಕು ಗಂಟೆಯಲ್ಲಿ ಹೋಗುವ ಕನಸಿಗಿಂತ, ಪೈವಳಿಕೆಯ ಗರ್ಭಿಣಿಯೊಬ್ಬಳು ಅರ್ಧ ಗಂಟೆಯಲ್ಲಿ ಒಳ್ಳೆಯ ಆಸ್ಪತ್ರೆಯನ್ನು ಸೇರುವ ಕನಸು ದೊಡ್ಡದೆಂದು ಯಾವ ಇಂಜಿನಿಯರನೂ ಬರೆಯಲಿಲ್ಲ.

ಪೈವಳಿಕೆಯ ಮಾತು ಬಂದುದರಿಂದ ೨೦೨೩ರ ನವೆಂಬರ್ ೧೮ನ್ನು ನೆನೆಯೋಣ. ‘ನವಕೇರಳ ಸದಸ್ಸು’ ಎಂಬ ಯಾತ್ರೆಗೆ ನಮ್ಮ ಪೈವಳಿಕೆಯಲ್ಲಿಯೇ ನಾಂದಿಯಾಯಿತು. ಮುಖ್ಯಮಂತ್ರಿಗಳೂ ಸಚಿವ ಸಂಪುಟವೂ ೧ ಕೋಟಿ ೫ ಲಕ್ಷ ರೂಪಾಯಿಯ ಬಸ್ಸಿನಲ್ಲಿ ಬಿಜಯಂಗೈದರು; ಕ್ಷೇತ್ರ ಕ್ಷೇತ್ರಗಳನ್ನು ಸುತ್ತಿ ಡಿಸೆಂಬರ್ ಕೊನೆಗೆ ರಾಜಧಾನಿಯನ್ನು ಸೇರಿದರು. ಜನರ ಅಹವಾಲುಗಳನ್ನು ಕೌಂಟರುಗಳಲ್ಲಿ ಸಿಬ್ಬಂದಿಯವರು ತೆಗೆದುಕೊಂಡರು. ಪಂಚಾಯತುಗಳು ತಮ್ಮ ಸ್ವಂತ ನಿಧಿಯಿಂದ ಸದಸ್ಸಿಗೆ ಹಣ ಕೊಡಬಹುದೆಂದು ಸರಕಾರವೇ ಆಜ್ಞೆ ಹೊರಡಿಸಿತ್ತು. ಶಾಲೆಯ ಮಕ್ಕಳನ್ನೂ ಶಾಲೆಯ ಬಸ್ಸುಗಳನ್ನೂ ಆ ಮೆರವಣಿಗೆಗೆ ಬಳಸುವುದರ ಮೇಲೆ ಹೈಕೋರ್ಟು ಕಣ್ಣಿಡಬೇಕಾಯಿತು.

ಯಕ್ಷಗಾನದ ನಾಡಿನವರಾದ ನಮಗೆ ಒಡ್ಡೋಲಗವೆಂದರೇನೆಂದು ಗೊತ್ತು. ದೊರೆಯೂ ಅವನ ಪರಿವಾರವೂ ಚೆಂಡೆಯ ಅಬ್ಬರದೊಡನೆ ತೆರೆಯ ಹಿಂದಿನಿಂದ ಬಂದು ಕುಣಿದು ಕುಳಿತುಕೊಳ್ಳುತ್ತಾರೆ, ನೋಡಲು ಚೆನ್ನ. ಆದರೆ ಆಟವು ಒಡ್ಡೋಲಗಕ್ಕಾಗಿಯಲ್ಲ, ಪ್ರಸಂಗಕ್ಕಾಗಿ. ಬೆಳಗಿನ ತನಕ ಒಡ್ಡೋಲಗವೇ ನಡೆದು, ಕತೆಯು ಆರಂಭವಾಗದೆಯೇ ಮಂಗಳ ಹಾಡಿದರೆ, ಟಿಕೆಟು ಕೊಂಡು ಬಂದ ಹಳ್ಳಿಯವನು ಭಾಗವತನನ್ನು ಸುಮ್ಮನೆ ಬಿಡುವನೆ?

ಅದೇ ನವೆಂಬರಿನ ಮೊದಲ ವಾರದಲ್ಲಿ ತಿರುವನಂತಪುರದಲ್ಲಿ ‘ಕೇರಳೀಯಂ’ ಎಂಬ ಉತ್ಸವವಾಯಿತು. ಅದಕ್ಕೆ ಮಂಜೂರಾದುದು ೨೭ ಕೋಟಿ. ಅದೇ ತಿಂಗಳಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಇಬ್ಬರು ವೃದ್ಧೆಯರು ತಿಂಗಳಿಗೆ ೧,೬೦೦ ರೂಪಾಯಿಯ ಪಿಂಚಣಿ ತಿಂಗಳುಗಟ್ಟಲೆ ಬಾರದ್ದರಿಂದ ಕೈಯಲ್ಲಿ ತಟ್ಟೆ ಹಿಡಿದು ಬೀದಿಗಿಳಿದರು. ೨೭ ಕೋಟಿಯನ್ನು ೧,೬೦೦ರಿಂದ ಭಾಗಿಸಿದರೆ ೧,೬೮,೭೫೦ ಮಂದಿಯ ಒಂದು ತಿಂಗಳ ಪಿಂಚಣಿ. ಒಂದು ಬಸ್ಸಿನ ಬೆಲೆಯನ್ನು ೫ ಲಕ್ಷದಿಂದ ಭಾಗಿಸಿದರೆ ಎಂಡೋಸಲ್ಫಾನಿನ ೨೧ ಮಂದಿ ಸಂತ್ರಸ್ತರ ಪರಿಹಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯನ್ನು ಮಾಡಿದ ಅಜ್ಜಿಯು ಬಜೆಟ್ಟನ್ನು ಓದಿದವಳಲ್ಲ. ಆದರೂ ಆಕೆಗೆ ಅರ್ಥಶಾಸ್ತ್ರ ತಿಳಿದಿತ್ತು.

ನಮ್ಮ ವಾಚಕರಾದ ಅಧ್ಯಾಪಕರಿಗೆ ಇನ್ನೂ ಹತ್ತಿರದ ಉದಾಹರಣೆ ಮಧ್ಯಾಹ್ನದ ಊಟದ್ದು. ಅಕ್ಕಿಯೊಂದನ್ನು ಬಿಟ್ಟು ಉಳಿದ ಖರ್ಚಿಗೆಂದು ೧೫೦ ಮಕ್ಕಳ ತನಕ ತಲೆಗೆ ೮ ರೂಪಾಯಿ, ಅದಕ್ಕೆ ಮೇಲ್ಪಟ್ಟು ೫೦೦ರ ತನಕ ೭, ಆ ಮೇಲಿನವರಿಗೆ ೬ ರೂಪಾಯಿ, ಇದು ೨೦೧೬ರಲ್ಲಿ ಗೊತ್ತು ಮಾಡಿದ ದರ. ತರಕಾರಿ, ಬೇಳೆ, ಎಣ್ಣೆ, ಅನಿಲ, ವಾರಕ್ಕೆರಡು ಸಲ ಹಾಲು, ಒಂದು ಸಲ ಮೊಟ್ಟೆ ಎಲ್ಲವೂ ಇದರಿಂದಲೇ ಆಗಬೇಕಾಗಿತ್ತು. ಏಳು ವರ್ಷ ಕಳೆದು ಪೇಟೆಯ ಬೆಲೆ ಗಗನಕ್ಕೇರಿದರೂ ದರ ನೆಲಬಿಟ್ಟೇಳಲಿಲ್ಲ. ಆ ಹಣವೂ ಹೊತ್ತಿಗೆ ಸರಿಯಾಗಿ ಬಾರದೆ, ಮುಖ್ಯೋಪಾಧ್ಯಾಯರು ಅಂಗಡಿಗಳಲ್ಲಿ ಸಾಲ ನಿಂತು, ೨೦೨೩ರಲ್ಲಿ ಅಧ್ಯಾಪಕರ ಸಂಘಟನೆಯು ಹೈಕೋರ್ಟಿನ ಮೆಟ್ಟಲೇರಿತು. ಕೇಂದ್ರವು ತನ್ನ ಪಾಲನ್ನು ಕೊಡಲಿಲ್ಲವೆಂದು ರಾಜ್ಯ. ರಾಜ್ಯವು ಲೆಕ್ಕವನ್ನು ಸರಿಯಾಗಿ ಕೊಡಲಿಲ್ಲವೆಂದು ಕೇಂದ್ರ. ನಡುವೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಯಾವ ಸರಕಾರದ ಹೆಸರೂ ಇಲ್ಲ. ಹೆಡ್ ಮಾಸ್ತರರ ಹೆಸರಿದೆ.

ಕನ್ನಡ ಶಾಲೆಗಳಲ್ಲಿ ವ್ಯಯದ ಇನ್ನೊಂದು ಬಗೆಯುಂಟು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರನ್ನು ನೇಮಿಸಿದ ಪ್ರಸಂಗಗಳು ಒಂದಲ್ಲ, ಎರಡಲ್ಲ. ಪಾಲಕರೂ ಮಕ್ಕಳೂ ಮುಷ್ಕರ ಹೂಡಿದುದುಂಟು, ನ್ಯಾಯಾಲಯಕ್ಕೆ ಹೋದುದುಂಟು. ನೇಮಕಗೊಂಡವರನ್ನು ನಾವು ದೂರುವುದಿಲ್ಲ. ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿರಿ: ಸಂಬಳ ಸಂದಿತು, ಪಾಠ ಸಲ್ಲಲಿಲ್ಲ. ಲೆಕ್ಕಪತ್ರದಲ್ಲಿ ಹುದ್ದೆ ತುಂಬಿದೆ, ಹಣ ವ್ಯಯವಾಗಿದೆ, ಎಲ್ಲವೂ ಸರಿಯಾಗಿದೆ; ಕರಿಹಲಗೆಯ ಮುಂದೆ ಕುಳಿತ ಮಗುವಿನ ತಲೆಯಲ್ಲಿ ಮಾತ್ರ ಏನೂ ಇಲ್ಲ. ಕದ್ದ ಹಣಕ್ಕಿಂತ ಹೀಗೆ ವ್ಯರ್ಥವಾದ ಹಣವನ್ನು ಹಿಡಿಯುವುದು ಕಷ್ಟ; ಏಕೆಂದರೆ ಇದರಲ್ಲಿ ಕಳ್ಳನಿಲ್ಲ.

ಈಗ ಎದುರುಪಕ್ಷದ ಮಾತನ್ನೂ ಕೇಳೋಣ. ಕೇಂದ್ರವು ಸಾಲದ ಮಿತಿಯನ್ನು ಕಡಿತಗೊಳಿಸಿ ಕೈ ಕಟ್ಟಿದೆಯೆಂದು ಕೇರಳ ಸರಕಾರವು ೨೦೨೩ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ವ್ಯಯವೆಲ್ಲವೂ ಅಪವ್ಯಯವೆಂದೂ ಹೇಳುವುದಿಲ್ಲ. ಅಕ್ಷರ, ಆರೋಗ್ಯಗಳಿಗಾಗಿ ಈ ರಾಜ್ಯವು ಮಾಡಿದ ಖರ್ಚಿನ ಫಲವನ್ನು ನಾವೂ ಉಂಡಿದ್ದೇವೆ. ೨೦೧೮ರಲ್ಲಿ ರಾಜ್ಯದ ೪೫,೦೦೦ ತರಗತಿಗಳಿಗೆ ಹೊಸ ಉಪಕರಣಗಳು ಬಂದುವು. ನಮ್ಮ ಕನ್ನಡ ಮಕ್ಕಳೂ ಅವುಗಳ ಮುಂದೆ ಕುಳಿತರು. ನಮ್ಮ ಪ್ರಶ್ನೆ ಬೇರೆ. ಮನೆಯಲ್ಲಿ ಕಷ್ಟ ಬಂದಾಗ ಯಜಮಾನನು ಮೊದಲು ಕಡಿಮೆ ಮಾಡಬೇಕಾದುದು ತನ್ನ ಶಾಲನ್ನೋ, ಮುದುಕಿಯ ಗಂಜಿಯನ್ನೋ? ಬಡತನವು ಖರ್ಚನ್ನು ಕಡಿಮೆ ಮಾಡಲು ಕಾರಣವಾದೀತು. ಯಾವ ಖರ್ಚನ್ನು ಕಡಿಮೆ ಮಾಡಿದರೆಂಬುದಕ್ಕೆ ಮಾಡಿದವರೇ ಕಾರಣ.

ಇಷ್ಟೆಲ್ಲವನ್ನೂ ಓದಿದವರು, “ನೋಡಿದಿರಾ, ನಾವು ಹೇಳಿದುದೇ ಸರಿ, ಎಲ್ಲರೂ ಕಳ್ಳರೇ” ಎಂದು ಎದ್ದು ನಿಂತರೆ, ದಯವಿಟ್ಟು ಇನ್ನೂ ಐದು ನಿಮಿಷ ಕುಳಿತುಕೊಳ್ಳಬೇಕೆಂದು ನಮ್ಮ ವಿನಂತಿ. ನಮ್ಮ ಎರಡನೆಯ ಮಾತು ಇನ್ನು ಆರಂಭವಾಗುತ್ತದೆ.

೩,೭೦೪ ಮಂದಿಯಲ್ಲಿ ಹಣ ಪಡೆದ ಆ ಎಂಟು ಮಂದಿ ಯಾರು? ಸಚಿವರ ನೆಂಟರೇ? ಪಕ್ಷದ ಕಾರ್ಯಕರ್ತರೇ? ಅಲ್ಲ. ಆಜ್ಞೆ ಪಾಲನೆಯಾಗಲಿಲ್ಲವೆಂದು ನ್ಯಾಯಾಲಯಕ್ಕೆ ಹೋದವರು ಅವರು. ಲೆಕ್ಕ ಕೇಳಿದವರಿಗೆ ಲೆಕ್ಕ ಸಂದಿತು, ಕೇಳದವರು ಕಾದರು. ಆಮೇಲೆ ಉಳಿದವರಿಗಾಗಿ ಹಣ ಹೊರಟುದೂ ಆ ಎಂಟು ಮಂದಿ ತೆರೆಸಿದ ಬಾಗಿಲಿನಿಂದಲೇ. ಅದಕ್ಕೂ ಮೊದಲು, ೨೦೧೯ರಲ್ಲಿ, ಸಂತ್ರಸ್ತ ಮಕ್ಕಳ ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕುಳಿತು ತಮ್ಮ ಮಕ್ಕಳ ಹೆಸರು ಪಟ್ಟಿಯಲ್ಲಿ ಏಕಿಲ್ಲವೆಂದು ಕೇಳಿದರು. ಆ ತಾಯಂದಿರಲ್ಲಿ ಎಷ್ಟು ಮಂದಿ ನಮ್ಮಷ್ಟು ಓದಿದವರು? “ಎಲ್ಲರೂ ಕಳ್ಳರೇ” ಎಂದು ಹೇಳಿ ಮನೆಯಲ್ಲಿ ಕುಳಿತುಕೊಳ್ಳುವ ಸೌಕರ್ಯ ಅವರಿಗಿರಲಿಲ್ಲ. ಆ ಮಾತು ಹೊಟ್ಟೆ ತುಂಬಿದವರ ಮಾತು.

ಇನ್ನೂ ಸ್ವಲ್ಪ ಆಲೋಚಿಸೋಣ. ಎಲ್ಲರೂ ಕಳ್ಳರೆಂದಾದರೆ ಕಳ್ಳನನ್ನು ಹುಡುಕುವ ಅಗತ್ಯವೇ ಉಳಿಯುವುದಿಲ್ಲ. ಪ್ರಾಮಾಣಿಕನಾದ ಒಬ್ಬ ಪಂಚಾಯತು ಸದಸ್ಯನಿಗೆ ಅವನ ಪ್ರಾಮಾಣಿಕತೆಯಿಂದ ಒಂದು ಮತವೂ ಹೆಚ್ಚು ದೊರೆಯುವುದಿಲ್ಲ. ಅಪ್ರಾಮಾಣಿಕನಿಗೆ ಒಂದು ಮತವೂ ಕಡಿಮೆಯಾಗುವುದಿಲ್ಲ. ಎಲ್ಲ ಉತ್ತರಪತ್ರಿಕೆಗಳಿಗೂ ಓದದೆಯೇ ಸೊನ್ನೆಯನ್ನಿತ್ತ ಪರೀಕ್ಷಕನು ಕಟ್ಟುನಿಟ್ಟಿನವನೆಂದು ನಾವು ಹೇಳುವೆವೇ? ಸೋಮಾರಿ ಎನ್ನುವೆವು. ಓದದೆ ನೂರು ಕೊಡುವವನೂ ಓದದೆ ಸೊನ್ನೆ ಕೊಡುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರು. ಪಕ್ಷದ ಕುರುಡುಭಕ್ತರನ್ನು ನಾವು ನಗುತ್ತೇವಷ್ಟೆ. ನಮ್ಮ ಕುರುಡು ಅವಿಶ್ವಾಸವೂ ಅದೇ ಜಾತಿಯದು.

ಹಾಗಾದರೆ ಓದುವುದು ಎಲ್ಲಿ? ೧೯೯೪ರ ಕೇರಳ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಯು ಮೂರು ತಿಂಗಳಿಗೊಮ್ಮೆ ಸೇರಬೇಕು. ೧೯೯೬ರಲ್ಲಿ ಜನಕೀಯ ಯೋಜನೆಯೆಂಬುದು ಆರಂಭವಾದಂದಿನಿಂದ ರಾಜ್ಯದ ಯೋಜನಾ ನಿಧಿಯ ದೊಡ್ಡದೊಂದು ಪಾಲು ಪಂಚಾಯತುಗಳ ಕೈ ಸೇರುತ್ತದೆ. ಆ ಹಣ ಯಾವ ಓಣಿಯ ಕಾಂಕ್ರೀಟಾಯಿತು, ಯಾವ ಬಾವಿಯ ಕಟ್ಟೆಯಾಯಿತು ಎಂಬುದನ್ನು ಕೇಳುವ ಸ್ಥಳ ಗ್ರಾಮಸಭೆ. ನಮ್ಮಲ್ಲಿ ಎಷ್ಟು ಮಂದಿ ಕಳೆದ ವರ್ಷ ಒಂದು ಗ್ರಾಮಸಭೆಗಾದರೂ ಹೋಗಿದ್ದೇವೆ? ಹೋದವರಲ್ಲಿ ಎಷ್ಟು ಮಂದಿ ಸಹಿ ಹಾಕಿ ಚಹಾ ಕುಡಿದು ಮರಳದೆ, ಅಂದಾಜುಪಟ್ಟಿಯನ್ನು ತೋರಿಸಿರೆಂದು ಕೇಳಿದ್ದೇವೆ? ೨೦೦೫ರಿಂದ ಮಾಹಿತಿ ಹಕ್ಕಿನ ಕಾನೂನಿದೆ. ಹತ್ತು ರೂಪಾಯಿಯ ಅರ್ಜಿಗೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಹತ್ತು ರೂಪಾಯಿಗೆ ಒಂದು ಚಹಾ ದೊರೆಯುತ್ತದೆ. ಚಹಾದ ಮೇಲೆ ಕೊಟ್ಟ ತೀರ್ಪುಗಳನ್ನು ಎಣಿಸಿದರೆ ಸಾವಿರವಾದೀತು. ಅರ್ಜಿಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು.

ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷವಾದ ಅಡ್ಡಿಯಿದೆಯೆಂಬುದನ್ನು ನಾವು ಬಲ್ಲೆವು. ಕಾಮಗಾರಿಯ ಫಲಕ ಮಲಯಾಳದಲ್ಲಿರುತ್ತದೆ. ಗ್ರಾಮಸಭೆಯ ನೋಟೀಸು, ಬಜೆಟ್ಟು, ಲೆಕ್ಕ ತಪಾಸಣೆಯ ವರದಿ ಎಲ್ಲವೂ ಬಹುಮಟ್ಟಿಗೆ ಹಾಗೆಯೇ. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ೧೯೬೯ರ ಕೇರಳ ಅಧಿಕೃತ ಭಾಷೆಗಳ ಕಾನೂನೇ ಹೇಳುತ್ತದೆ. ಭಾಷೆಯ ಹಕ್ಕೆಂದರೆ ನಾಡಹಬ್ಬದಂದು ಧ್ವಜವೇರಿಸಿ ಹಾಡುವುದೆಂದು ಮಾತ್ರ ನಾವು ತಿಳಿದಿದ್ದೇವೆ. ತನ್ನ ಹಣದ ಲೆಕ್ಕವನ್ನು ತನ್ನ ಭಾಷೆಯಲ್ಲಿ ಓದುವ ಹಕ್ಕು ಅದಕ್ಕಿಂತ ಕಿರಿದೇ? ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಶತಾಯುಷಿಗಳಾಗಿ ೨೦೧೫ರಲ್ಲಿ ಕಣ್ಮುಚ್ಚುವ ತನಕ ಈ ನೆಲದ ಕನ್ನಡಕ್ಕಾಗಿ ದನಿಯೆತ್ತಿದರು. ಅವರೂ ವೃತ್ತಿಯಿಂದ ಅಧ್ಯಾಪಕರೇ. ಅವರ ಹೆಸರು ಹೇಳಿ ಹಾರ ಹಾಕುವವರು ಪಂಚಾಯತಿನ ಲೆಕ್ಕವನ್ನು ಕನ್ನಡದಲ್ಲಿ ಕೊಡಿರೆಂದು ಒಂದು ಸಾಲಿನ ಅರ್ಜಿಯನ್ನು ಬರೆದರೆ, ಆ ಹಾರಕ್ಕಿಂತ ಅದು ಹೆಚ್ಚು ಕಾಲ ಬಾಡದೆ ಉಳಿದೀತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಅಂಗಳವನ್ನೂ ಗುಡಿಸಬೇಕು. ನಮ್ಮ ಸಂಘಸಂಸ್ಥೆಗಳ ವಾರ್ಷಿಕ ಸಭೆಗಳಲ್ಲಿ ಲೆಕ್ಕಪತ್ರವನ್ನು ಓದುವುದು ಹೇಗೆ? ಊಟದ ಹೊತ್ತಿಗೆ, ಒಂದೇ ಉಸಿರಿನಲ್ಲಿ; “ಅಂಗೀಕಾರ, ಅಂಗೀಕಾರ” ಎಂದು ಹಿಂದಿನ ಸಾಲಿನವರು ಕೂಗುವುದು ಎಲೆ ಹಾಕಲಿಕ್ಕಾಗಿ. ಪುಸ್ತಕ ಕೊಳ್ಳಲು ಹಣವಿಲ್ಲದ ವಾಚನಾಲಯದ ಉತ್ಸವದಲ್ಲಿ ಅತಿಥಿಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಯಾವ ಸಚಿವನನ್ನು ಚಹಾದ ಮೇಲೆ ಕಳ್ಳನೆಂದೆವೋ ಅವನನ್ನೇ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದು, ಅವನು ಎರಡು ಗಂಟೆ ತಡವಾಗಿ ಬರುವ ತನಕ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುತ್ತೇವೆ. ಒಡ್ಡೋಲಗದ ಚಪಲ ತಿರುವನಂತಪುರದಲ್ಲಿ ಮಾತ್ರವಿಲ್ಲ. ಅದನ್ನು ನಮ್ಮಿಂದಲೇ ಕಲಿತು ಅಲ್ಲಿಗೆ ಹೋದವರಿರಬಹುದು.

ಆದುದರಿಂದ ನಮ್ಮ ಸೂಚನೆ ಚಿಕ್ಕದು. ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ವರ್ಷಕ್ಕೊಮ್ಮೆ ಗಣಿತದ ಒಂದು ಪಾಠ ಊರಿನ ಲೆಕ್ಕದ್ದಾಗಲಿ. ಹತ್ತಿರದ ರಸ್ತೆಯ ಕಾಮಗಾರಿಯ ಫಲಕವನ್ನು ಮಕ್ಕಳು ಬರೆದುಕೊಂಡು ಬರಲಿ. ಉದ್ದವನ್ನು ತಾವೇ ಅಳೆಯಲಿ. ಮೀಟರಿಗೆ ಎಷ್ಟು ಬಿದ್ದಿತೆಂದು ಭಾಗಿಸಲಿ. ಲೆಕ್ಕ ಸರಿ ಕಂಡರೆ ಆ ಸದಸ್ಯನಿಗೆ ಒಂದು ಅಭಿನಂದನೆಯ ಪತ್ರ ಹೋಗಲಿ. ಸರಿ ಕಾಣದಿದ್ದರೆ ಒಂದು ಪ್ರಶ್ನೆಯ ಪತ್ರ ಹೋಗಲಿ. ಎರಡೂ ಕನ್ನಡದಲ್ಲಿ ಹೋಗಲಿ. ಸರಕಾರಿ ಸಂಬಳದವರಾದ ನಾವು ರಾಜಕೀಯಕ್ಕಿಳಿಯಬಹುದೇ ಎಂದು ಅಧ್ಯಾಪಕರು ಅಂಜಬೇಕಾಗಿಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು ಯಾವ ಪಕ್ಷದ ಕಾರ್ಯಕ್ರಮವೂ ಅಲ್ಲ. ನಮ್ಮ ಸಂಘವೂ ತನ್ನ ಲೆಕ್ಕವನ್ನು ಊಟಕ್ಕೆ ಮೊದಲು, ನಿಧಾನವಾಗಿ, ಒಂದೊಂದು ಬಾಬನ್ನಾಗಿ ಓದಲಿ. ಪ್ರಶ್ನೆ ಕೇಳಿದವನನ್ನು ಮನಸ್ತಾಪದವನೆಂದು ನೋಡದಿರಲಿ.

ಮುಂದಿನ ಸಲ ಯಾರಾದರೂ “ಎಲ್ಲರೂ ಕಳ್ಳರೇ” ಎಂದರೆ, ನಮ್ಮ ವಿದ್ಯಾರ್ಥಿಗಳು ವಿನಯದಿಂದ ಒಂದು ಪ್ರಶ್ನೆ ಕೇಳಲಿ: “ಎಷ್ಟು ಹಣ, ಯಾವ ಬಾಬಿನಲ್ಲಿ, ಯಾವ ವರ್ಷ?” ಉತ್ತರ ಗೊತ್ತಿದ್ದವನು ಮುಂದೆ ಬಂದು ಅರ್ಜಿಗೆ ಸಹಿ ಹಾಕಲಿ. ಗೊತ್ತಿಲ್ಲದವನು ತನ್ನ ಚಹಾವನ್ನು ಮುಗಿಸಿ, ಗ್ರಾಮಸಭೆ ಎಂದಿಗೆಂದು ವಿಚಾರಿಸಿಕೊಂಡು ಬರಲಿ.